ಜೇಬಿಗೂ ಬೆಳಕಿಗೂ ನಡೆದ ಚೌಕಾಸಿ

ಸಣ್ಣ ಡಿಜಿಟಲ್ ಕ್ಯಾಮರಾದ ಗುಂಡಿ ಒತ್ತಿದ ಮೇಲೆ ಒಂದೆರಡು ಸೆಕೆಂಡಿನಲ್ಲಿ ಏನೇನು ನಡೆಯುತ್ತದೆಂದು, ಕೊಳ್ಳುವ ಮೊದಲು, ಗಮನವಿಟ್ಟು ನೋಡಬೇಕು. ಲೆನ್ಸನ್ನು ಮುಚ್ಚಿದ್ದ ತೆಳು ಎಸಳುಗಳು ಪಕ್ಕಕ್ಕೆ ಸರಿಯುತ್ತವೆ. ಒಂದರೊಳಗೊಂದು ಅಡಗಿ ಕೂತಿದ್ದ ಕೊಳವೆಗಳು ಸಣ್ಣಗೆ ಗುಂಯ್‌ಗುಟ್ಟುತ್ತ ಹೊರಗೆ ಬರುತ್ತವೆ. ಒಳಗಿನ ಗಾಜಿನ ಬಿಲ್ಲೆಗಳು ತಂತಮ್ಮ ಜಾಗಕ್ಕೆ ಸೇರಿ, ಕೂದಲೆಳೆಯಷ್ಟೂ ಓರೆಯಾಗದೆ, ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಆಮೇಲೆ ಪರದೆ ಬೆಳಗುತ್ತದೆ. ಒಳ್ಳೆಯ ಕ್ಯಾಮರಾದಲ್ಲಿ ಈ ಚಲನೆಗೆ ಬಿಗಿ ಇರುತ್ತದೆ, ಹದ ಇರುತ್ತದೆ. ಅಗ್ಗದ್ದರಲ್ಲಿ ಅದೇ ಕೊಳವೆ ತಡವರಿಸಿ ಬರುತ್ತದೆ, ಬಂದು ನಿಂತಮೇಲೂ ಸಡಿಲವಾಗಿ ಅಲ್ಲಾಡುತ್ತದೆ. ಅಂಗಡಿಯಲ್ಲಿ ನಾನು ಮೊದಲು ಕಿವಿಗೊಡುವುದು ಈ ಸದ್ದಿಗೆ. ಮೆಗಾಪಿಕ್ಸೆಲ್ ಲೆಕ್ಕ ಆಮೇಲೆ.

ಫೋಟೋ ಎಂದರೆ ಬೆಳಕು, ಬೆಳಕಿಗೆ ಜಾಗ ಬೇಕು. ದೊಡ್ಡ ಸೆನ್ಸರ್, ಅಗಲ ಬಾಯಿಯ ಲೆನ್ಸ್, ಎರಡರ ನಡುವೆ ಬೇಕಾದಷ್ಟು ದೂರ ಇದ್ದರೆ ಚೆನ್ನಾಗಿ ಚಿತ್ರ ತೆಗೆಯುವ ಕ್ಯಾಮರಾ ಮಾಡುವುದು ಅಷ್ಟೇನೂ ಕಷ್ಟವಲ್ಲ. ಆದರೆ ಜೇಬು ಇದಕ್ಕೆಲ್ಲ ಒಪ್ಪುವುದಿಲ್ಲ. ಅಂಗಿಯ ಜೇಬು, ಪ್ಯಾಂಟಿನ ಜೇಬು, ಹೆಂಗಸರ ವ್ಯಾನಿಟಿ ಬ್ಯಾಗಿನ ಪಕ್ಕದ ಅರೆ, ಇವು ತಮ್ಮ ಅಳತೆಯನ್ನು ಒಂದಿಷ್ಟೂ ಬಿಟ್ಟುಕೊಡುವುದಿಲ್ಲ. ಸಣ್ಣ ಕ್ಯಾಮರಾ ಎನ್ನುವುದು ಈ ಎರಡು ಹಟಮಾರಿಗಳ ನಡುವೆ ಕುದುರಿದ ವ್ಯಾಪಾರ. ಅದರ ರುಚಿಯಿರುವುದು ಆ ಚೌಕಾಸಿಯಲ್ಲಿ: ಏನನ್ನು ಬಿಟ್ಟುಕೊಟ್ಟರು, ಏನನ್ನು ಉಳಿಸಿಕೊಂಡರು, ಬಿಟ್ಟದ್ದು ಕಾಣದಂತೆ ಹೇಗೆ ಸಂಭಾಳಿಸಿದರು.

ಈ ಚೌಕಾಸಿ ಡಿಜಿಟಲ್ ಕಾಲಕ್ಕಿಂತ ಹಳೆಯದು. ಜರ್ಮನಿಯ ವೆಟ್ಸ್ಲಾರ್ ಊರಿನ ಲೈಟ್ಸ್ ಕಂಪನಿಯಲ್ಲಿದ್ದ ಆಸ್ಕರ್ ಬಾರ್ನಾಕ್‌ಗೆ ಆಸ್ತಮಾ. ಗಾಜಿನ ಫಲಕಗಳ ಭಾರದ ಕ್ಯಾಮರಾ ಹೊತ್ತು ಬೆಟ್ಟಗುಡ್ಡ ಹತ್ತುವುದು ಅವನಿಂದಾಗುತ್ತಿರಲಿಲ್ಲ. ಸಿನಿಮಾ ಫಿಲ್ಮನ್ನೇ ಬಳಸಿ ಚಿಕ್ಕ ನೆಗೆಟಿವಿನಿಂದ ದೊಡ್ಡ ಚಿತ್ರ ಮಾಡಿಕೊಳ್ಳಬಹುದೆಂದು ಅವನು ಮಾಡಿದ ಮಾದರಿಯೇ ಮುಂದೆ, 1925ರಲ್ಲಿ, ಲೈಕಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಜಪಾನಿನ ಒಲಿಂಪಸ್‌ನಲ್ಲಿ ಯೋಶಿಹಿಸಾ ಮೈತಾನಿ 1979ರಲ್ಲಿ ಎಕ್ಸ್‌ಎ ಎಂಬ ಪುಟ್ಟ ಕ್ಯಾಮರಾ ತಂದ. ಅದಕ್ಕೆ ಚೀಲ ಬೇಡ, ಲೆನ್ಸಿಗೆ ಬೇರೆ ಮುಚ್ಚಳ ಬೇಡ. ಮುಂದಿನ ಕವಚವನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಜಾರಿಸಿದರೆ ಕ್ಯಾಮರಾ ಸಿದ್ಧ, ಹಿಂದಕ್ಕೆ ಎಳೆದರೆ ಮುಚ್ಚಿತು. ಕೈಗೆ ತೆಗೆದುಕೊಂಡವರು ಫೋಟೋ ತೆಗೆಯದೆ ಸುಮ್ಮನೆ ಜಾರಿಸಿ ಜಾರಿಸಿ ನೋಡುವಂತಹ ಕವಚ ಅದು.

ಡಿಜಿಟಲ್ ಬಂದಮೇಲೆ ಕಸರತ್ತು ಇನ್ನೂ ಸೊಗಸಾಯಿತು. 2002ರ ಮಿನೋಲ್ಟಾ ಡಿಮಾಜ್ ಎಕ್ಸ್‌ನಲ್ಲಿ ಲೆನ್ಸ್ ಹೊರಗೆ ಬರುವುದೇ ಇಲ್ಲ. ಒಳಗೆ ಬಂದ ಬೆಳಕನ್ನು ಪ್ರಿಸಮ್ಮೊಂದು ನೇರ ಕೆಳಗೆ ತಿರುಗಿಸುತ್ತದೆ. ಜೂಮಿನ ಗಾಜುಗಳೆಲ್ಲ ಕ್ಯಾಮರಾದ ಎತ್ತರದ ಉದ್ದಕ್ಕೆ, ಮೇಲಿಂದ ಕೆಳಕ್ಕೆ ಓಡಾಡುತ್ತವೆ. ದಪ್ಪ ಎರಡು ಸೆಂಟಿಮೀಟರ್ ಮಾತ್ರ. ಮರುವರ್ಷ ಬಂದ ಪೆಂಟಾಕ್ಸ್ ಆಪ್ಟಿಯೋ ಎಸ್ ಬೇರೆಯದೇ ದಾರಿ ಹುಡುಕಿತು. ಕ್ಯಾಮರಾ ಆರಿಸಿದಾಗ ಗಾಜುಗಳ ನಡುವಿನ ಗುಂಪು, ತುಂಬಿದ ಬಸ್ಸಿನಲ್ಲಿ ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂದಾಗ ಪಕ್ಕಕ್ಕೆ ಸರಿಯುವವರಂತೆ ಸಾಲಿನಿಂದ ಹೊರಗೆ ಸರಿದು ನಿಲ್ಲುತ್ತದೆ, ಆ ಖಾಲಿ ಜಾಗಕ್ಕೆ ಮಿಕ್ಕ ಗಾಜುಗಳು ಬಂದು ಕೂರುತ್ತವೆ. ಮತ್ತೆ ಚಾಲೂ ಮಾಡಿದರೆ ಸರಿದದ್ದು ತನ್ನ ಜಾಗಕ್ಕೆ ಕರಾರುವಾಕ್ಕಾಗಿ ಮರಳಬೇಕು. ಇಲ್ಲವಾದರೆ ಚಿತ್ರದ ಒಂದು ಅಂಚು ಮಸುಕು. ಪೆಪ್ಪರ್‌ಮಿಂಟ್ ಡಬ್ಬಿಯೊಳಗೆ ಕೂರುವ ಈ ಯಂತ್ರದ ಚಿತ್ರಗಳು ಇಂದಿಗೆ ಸಪ್ಪೆ. ಆ ಸರಿಯುವಿಕೆಯನ್ನು ನೆನೆದರೆ ಮಾತ್ರ ಈಗಲೂ ತಲೆದೂಗಬೇಕೆನಿಸುತ್ತದೆ.

ಈಗ ನನ್ನ ಗರಜಿನ ಮಾತು. ನನ್ನದು ಕಲ್ಲಿನ ಜೊತೆಗಿನ ಕೆಲಸ. ಕಾಲೇಜಿನಲ್ಲಿ ಇತಿಹಾಸ ಪಾಠ, ಅದರ ಬೆನ್ನಿಗೇ ಊರೂರಿನ ವೀರಗಲ್ಲು, ಮಾಸ್ತಿಕಲ್ಲು, ದಾನಶಾಸನಗಳ ಫೋಟೋ ತೆಗೆದು ಓದುವುದು. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಬಡಿದು ಮಸಿ ಹಚ್ಚಿ ಪಡಿಯಚ್ಚು ತೆಗೆಯುವ ಹಿರಿಯರ ಕ್ರಮಕ್ಕೆ ಈಗಲೂ ಸಾಟಿಯಿಲ್ಲ. ಆದರೆ ಅದಕ್ಕೆ ನೀರು, ಸಮಯ, ಜೊತೆಗೊಬ್ಬ ಮತ್ತು ಊರವರ ಒಪ್ಪಿಗೆ ಎಲ್ಲ ಬೇಕು. ಮೊದಲ ಓದಿಗೆ, ಎಷ್ಟೋ ಸಲ ಕೊನೆಯ ಓದಿಗೂ, ಕ್ಯಾಮರಾ ಸಾಕು. ಕಲ್ಲಿಗೆ ಬೇಕಾದದ್ದು ಎದುರಿನಿಂದ ಬೀಳುವ ಬೆಳಕಲ್ಲ, ಪಕ್ಕದಿಂದ ಸವರಿಕೊಂಡು ಹೋಗುವ ಬೆಳಕು. ನಡುಮಧ್ಯಾಹ್ನ ಬರೀ ಬೋಳುಚಪ್ಪಡಿಯಂತೆ ಕಾಣುವ ಕಲ್ಲು, ಸಂಜೆ ಐದರ ಓರೆಬಿಸಿಲಿಗೆ ಸಾಲುಸಾಲಾಗಿ ಮಾತಿಗೆ ನಿಲ್ಲುತ್ತದೆ. ಮರದ ನೆರಳಿನಲ್ಲಿದ್ದರೆ ದೂರದಿಂದ ಕನ್ನಡಿ ಹಿಡಿದು ಬಿಸಿಲನ್ನು ಓರೆಯಾಗಿ ಅದರ ಮೇಲೆ ಹಾಯಿಸಬೇಕು. ಗುಡಿಯೊಳಗಾದರೆ ಪಕ್ಕಕ್ಕೆ ಟಾರ್ಚ್.

ಗುಡಿಯೊಳಗೆ ಇನ್ನೊಂದು ತೊಡಕು. ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಲು ಅನುಮತಿ ಬೇಕು. ಆದ್ದರಿಂದ ಕೈಯಲ್ಲೇ ಹಿಡಿದು, ಉಸಿರು ಬಿಗಿಹಿಡಿದು ತೆಗೆಯಬೇಕು. ಹೊಯ್ಸಳ ಗುಡಿಗಳ ನವರಂಗದ ಭುವನೇಶ್ವರಿಯನ್ನು, ಅಂದರೆ ಕೆತ್ತನೆಯ ಒಳಛಾವಣಿಯನ್ನು, ತೆಗೆಯಲು ಮಾತ್ರ ಒಂದು ಸುಲಭದ ಉಪಾಯವುಂಟು. ನೆಲದ ಮೇಲೆ ಕರ್ಚೀಫು ಹಾಸಿ, ಕ್ಯಾಮರಾವನ್ನು ಬೆನ್ನಮೇಲೆ ಮಲಗಿಸಿ, ಟೈಮರ್ ಇಟ್ಟು ಪಕ್ಕಕ್ಕೆ ಸರಿಯುವುದು. ಬೆನ್ನು ಚಪ್ಪಟೆಯಾಗಿರುವ ಸಣ್ಣ ಕ್ಯಾಮರಾ ಅಲುಗದೆ ಮಲಗುತ್ತದೆ, ನಿಮಗೆ ಬೇಕಾದಷ್ಟು ಹೊತ್ತು ಶಟರ್ ತೆರೆದಿಡಬಹುದು. ಹಿಡಿಕೆ ಉಬ್ಬಿದ, ಮೂತಿ ಉದ್ದದ ದೊಡ್ಡ ಕ್ಯಾಮರಾಗಳು ಮಲಗಲು ತಕರಾರು ಮಾಡುತ್ತವೆ.

ಹಳ್ಳಿಗಳಲ್ಲಿ ಸಣ್ಣ ಕ್ಯಾಮರಾದ ಇನ್ನೊಂದು ಗುಣ ತಿಳಿಯುತ್ತದೆ. ಕುತ್ತಿಗೆಗೆ ದೊಡ್ಡ ಕ್ಯಾಮರಾ ನೇತುಹಾಕಿಕೊಂಡು ಹೊಲದ ಬದುವಿನ ಕಲ್ಲಿನ ಮುಂದೆ ನಿಂತರೆ, “ಸರ್ವೆಗೆ ಬಂದ್ರಾ ಸಾರ್? ರೋಡ್ ಈ ಕಡೆ ಬರುತ್ತಾ?” ಎಂಬ ಆತಂಕದ ಪ್ರಶ್ನೆ. ಅಂಗೈಯಷ್ಟರ ಕ್ಯಾಮರಾ ತೆಗೆದರೆ, “ಇಷ್ಟೇನಾ ಮೇಷ್ಟ್ರೇ?” ಎಂದು ನಗು, ಆಮೇಲೆ ಕಲ್ಲಿಗೆ ಕಟ್ಟಿದ್ದ ಹಸುವನ್ನು ಅವರೇ ಬಿಚ್ಚಿ ಆಚೆ ಕಟ್ಟುತ್ತಾರೆ.

ಮನೆಯ ಕಥೆ ಬೇರೆಯೆಂದು ತೋರುತ್ತದೆ, ಬೇರೆಯಲ್ಲ. ಅಲ್ಲಿಯೂ ಕಾಡುವುದು ಬೆಳಕೇ. ನಮ್ಮ ಮನೆಗಳ ಸಂಭ್ರಮಗಳು ನಡೆಯುವುದು ಬಿಸಿಲಿನಲ್ಲಲ್ಲ. ತೊಟ್ಟಿಲ ಶಾಸ್ತ್ರ ನಡುಮನೆಯಲ್ಲಿ, ಗೌರಿಯ ಆರತಿ ದೇವರಮನೆಯ ಮಂದಬೆಳಕಿನಲ್ಲಿ, ಸೀಮಂತದ ಹಸೆಗೆ ಒಂದು ಕಡೆ ಟ್ಯೂಬ್‌ಲೈಟು, ಇನ್ನೊಂದು ಕಡೆ ಕಿಟಕಿ. ಆರತಿ ಎತ್ತುವವರ ಮುಖದ ಮೇಲೆ ಕೆಳಗಿನಿಂದ ಬೀಳುವ ಆ ಅರಿಶಿನದ ಬೆಳಕಿದೆಯಲ್ಲ, ಅದರ ಎದುರಿಗೆ ಫ್ಲ್ಯಾಶ್ ಹೊಡೆದರೆ ಉಳಿಯುವುದು ಹೊಳೆಯುವ ಮೂಗುಬೊಟ್ಟೊಂದೇ. ಕ್ಯಾಮರಾದ ‘ಆಟೋ’ ವೈಟ್ ಬ್ಯಾಲೆನ್ಸ್ ಕೂಡ ಇಲ್ಲಿ ಅರಸಿಕ. ದೀಪದ ಹಳದಿಯನ್ನು ದೋಷವೆಂದು ತಿಳಿದು ತಿದ್ದಲು ಹೊರಡುತ್ತದೆ. ಅದನ್ನು ‘ಡೇಲೈಟ್’ಗೆ ಕಟ್ಟಿಹಾಕಿ, ಎಕ್ಸ್‌ಪೋಷರನ್ನು ಒಂದು ಮೆಟ್ಟಿಲು ಇಳಿಸಿದರೆ ಹೊನ್ನು ಹೊನ್ನಾಗಿಯೇ ಉಳಿಯುತ್ತದೆ. ಈ ಎರಡು ಹೊಂದಿಕೆಗಳು ಮೆನುವಿನ ಪಾತಾಳದಲ್ಲಿ ಹೂತುಹೋಗಿರದೆ ಬೆರಳಿಗೆ ಸಿಗುವಂತಿರಬೇಕು. ಮನೆಗೆ ಕ್ಯಾಮರಾ ಕೊಳ್ಳುವವರಿಗೆ ನಾನು ಮೊದಲು ಹೇಳುವ ಮಾತು ಇದು.

ಬೆಳಕಿನ ಲೆಕ್ಕವನ್ನು ಎರಡು ಸಂಖ್ಯೆಗಳಲ್ಲಿ ಮುಗಿಸಿಬಿಡಬಹುದು. ಬಹುಕಾಲ ಸಣ್ಣ ಕ್ಯಾಮರಾಗಳಲ್ಲಿ ಇರುತ್ತಿದ್ದ ಸೆನ್ಸರಿನ ಅಳತೆ ಹೆಚ್ಚುಕಡಿಮೆ 6.2 × 4.6 ಮಿ.ಮೀ., ಕಿರುಬೆರಳ ಉಗುರಿಗಿಂತ ಚಿಕ್ಕದು. ಒಂದಿಂಚಿನದು ಎಂದು ಕರೆಯುವ ಸೆನ್ಸರ್ 13.2 × 8.8 ಮಿ.ಮೀ. (ಆ ಹೆಸರು ಹಳೆಯ ಟೀವಿ ಕ್ಯಾಮರಾ ಟ್ಯೂಬುಗಳ ಕಾಲದ್ದು, ಅಳತೆಪಟ್ಟಿ ಹಿಡಿದು ಹುಡುಕಬೇಡಿ.) ವಿಸ್ತಾರದಲ್ಲಿ ಇದು ಅದರ ನಾಲ್ಕು ಪಟ್ಟು. ಎರಡನೆಯದು ಲೆನ್ಸಿನ ಬಾಯಿ: ಎಫ್/3.5ರ ಬದಲು ಎಫ್/1.8 ಇದ್ದರೆ ಒಳಗೆ ಬರುವ ಬೆಳಕು ಮತ್ತೆ ನಾಲ್ಕು ಪಟ್ಟಿನ ಹತ್ತಿರ. ಎರಡೂ ಕೂಡಿದರೆ ನಾಲ್ಕು ನಾಲ್ಕಲೆ ಹದಿನಾರಕ್ಕೆ ತುಸು ಕಡಿಮೆ. ಚುಕ್ಕೆಚುಕ್ಕೆಯಾಗಿ ಒಡೆಯದ ಆರತಿಯ ಚಿತ್ರವೂ, ಕೈಯಲ್ಲೇ ಹಿಡಿದು ತೆಗೆದ ನವರಂಗದ ಚಿತ್ರವೂ ಸಾಧ್ಯವಾಗುವುದು ಈ ಹದಿನಾರರಿಂದ. ಮೆಗಾಪಿಕ್ಸೆಲ್ಲಿನ ಜಾಹೀರಾತು ಈ ಎರಡನ್ನೂ ಹೇಳುವುದಿಲ್ಲ.

2012ರಲ್ಲಿ ಸೋನಿ ಆರ್‌ಎಕ್ಸ್100 ಬಂದಾಗ ಈ ಲೆಕ್ಕವೇ ಬುಡಮೇಲಾಯಿತು. ಒಂದಿಂಚಿನ ಸೆನ್ಸರ್, ಎಫ್/1.8ರ ಲೆನ್ಸ್, ಬ್ಯಾಟರಿ ಸೇರಿ 240 ಗ್ರಾಂ. ಡಿಜಿಟಲ್ ಕಾಲದಲ್ಲಿ ಜೇಬು ಬೆಳಕಿಗೆ ಇಷ್ಟೊಂದು ಜಾಗ ಬಿಟ್ಟುಕೊಟ್ಟದ್ದು ಅಪರೂಪ. ಆದರೆ ಅದರ ಜೂಮ್ ಎಳೆದಂತೆ ಬಾಯಿ ಮುಚ್ಚುತ್ತ ಹೋಗುತ್ತಿತ್ತು, 100 ಮಿ.ಮೀ.ಗೆ ತಲುಪುವಾಗ ಎಫ್/4.9. 2014ರ ಮೂರನೆಯ ಆವೃತ್ತಿಯಲ್ಲಿ ಮಾಡಿದ ಬದಲಾವಣೆ ನನ್ನ ಮಟ್ಟಿಗೆ ಈ ಸಾಲಿನ ಅತ್ಯಂತ ವಿವೇಕದ ಚೌಕಾಸಿ. ಜೂಮನ್ನು 24ರಿಂದ 70 ಮಿ.ಮೀ.ಗೆ ಮೊಟಕುಮಾಡಿದರು, ಬದಲಿಗೆ ಬಾಯಿಯನ್ನು ಎಫ್/1.8ರಿಂದ 2.8ರೊಳಗೇ ಹಿಡಿದಿಟ್ಟರು. ದೂರದ ಹಕ್ಕಿ ಕೈಬಿಟ್ಟುಹೋಯಿತು, ಹತ್ತಿರದ ಮುಖ ಕೈಗೆ ಬಂತು. ಆರನೆಯ ಮತ್ತು ಏಳನೆಯ ಆವೃತ್ತಿಗಳಲ್ಲಿ ಸೋನಿ ತಿರುಗಿ 200 ಮಿ.ಮೀ. ಜೂಮಿನ ಕಡೆ ಹೊರಳಿತು, ಬಾಯಿ ಎಫ್/2.8ರಿಂದಲೇ ಶುರುವಾಯಿತು. ಪ್ರವಾಸಕ್ಕೆ ಅದು ಸರಿ. ದೇವರಮನೆಗೆ ಹಳೆಯ ಮೂರನೆಯದೇ ಮೇಲು. ಹೊಸದೆಲ್ಲ ಒಳ್ಳೆಯದೆಂದು ಅಂಗಡಿಯವರು ಹೇಳಿದಾಗ ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಂಡಿರಬೇಕು.

ಮೂರನೆಯದರ ವ್ಯೂಫೈಂಡರ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಪಕ್ಕದ ಪುಟ್ಟ ಚಿಲಕ ಜಾರಿಸಿದರೆ ಮೂಲೆಯಿಂದ ಚಂಗನೆ ಮೇಲೇಳುತ್ತದೆ. ಎದ್ದರೆ ಸಾಲದು, ಅದರ ಕಣ್ಣುಗಾಜನ್ನು ಬೆರಳಿನಿಂದ ಹಿಂದಕ್ಕೆ ಎಳೆಯಬೇಕು, ಆಗಲೇ ಸ್ಪಷ್ಟ. ಮುಂದಿನ ಆವೃತ್ತಿಗಳಲ್ಲಿ ಈ ಎರಡನೆಯ ಕೆಲಸವನ್ನು ತೆಗೆದುಹಾಕಿದರು, ಅನುಕೂಲವಾಯಿತೆಂದು ಎಲ್ಲರೂ ಹೊಗಳಿದರು. ನನಗೇಕೋ ಆ ಎಳೆಯುವಿಕೆಯೇ ಇಷ್ಟ. ಕಣ್ಣಿಡುವ ಮೊದಲು ಮನಸ್ಸು ಅಣಿಯಾಗಲು ಅಷ್ಟು ಸಮಯ ಬೇಕು. ಮಟಮಟ ಮಧ್ಯಾಹ್ನ ಬಯಲಿನಲ್ಲಿ ಪರದೆ ಏನನ್ನೂ ತೋರಿಸದೆ ಬರೀ ನಮ್ಮ ಮುಖವನ್ನೇ ಪ್ರತಿಫಲಿಸುವಾಗ ಈ ಪುಟ್ಟ ಕಿಟಕಿಯೇ ಗತಿ. ಇತ್ತ ನೆಲಮಟ್ಟದ ಶಾಸನಕ್ಕೆ ಮಡಚುವ ಪರದೆ ಬೇಕು. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಬರಹ ಎಷ್ಟೋ ಸಲ ಈ ಪಟ್ಟಿಕೆಗಳ ನಡುವಿನ ಕಟ್ಟಿನಲ್ಲಿ ಇರುತ್ತದೆ. ಕಾಳಗದ ಕೆಳಗೊಂದು ಸಾಲು ಅರ್ಧ ಮಣ್ಣಿನಲ್ಲಿ ಹೂತಿದ್ದರೆ, ಪರದೆಯನ್ನು ಮೇಲ್ಮುಖವಾಗಿ ತಿರುಗಿಸಿ ಕುಕ್ಕರುಗಾಲಿನಲ್ಲಿ ಕೂತರೆ ಸಾಕು. ಇಲ್ಲವಾದರೆ ಹೊಟ್ಟೆಯ ಮೇಲೆ ಮಲಗಿಯೇ ತೀರಬೇಕು.

ಇದೇ ಕ್ಯಾಮರಾದ ಫ್ಲ್ಯಾಶಿನಲ್ಲಿ ಎಲ್ಲೂ ಹೇಳಿಕೊಳ್ಳದ ಒಂದು ಸೊಗಸಿದೆ. ಸ್ಪ್ರಿಂಗಿನ ಕಾಲಿನ ಮೇಲೆ ಎದ್ದುನಿಲ್ಲುವ ಅದನ್ನು ತೋರುಬೆರಳಿನಿಂದ ಹಿಂದಕ್ಕೆ ಬಾಗಿಸಿದರೆ ಬೆಳಕು ಸೂರಿಗೆ ಹೊಡೆದು, ಅಲ್ಲಿಂದ ಮೆತ್ತಗೆ ಇಡೀ ಕೋಣೆಗೆ ಇಳಿಯುತ್ತದೆ. ಎದುರಿನಿಂದ ಹೊಡೆದಾಗ ಪೊಲೀಸ್ ಠಾಣೆಯ ಫೋಟೋದಂತೆ ಬರುತ್ತಿದ್ದ ಮುಖಗಳು ಹಗಲಿನಲ್ಲಿ ಕೂತವರಂತೆ ಕಾಣುತ್ತವೆ. ಸುಣ್ಣ ಬಳಿದ ತಾರಸಿ ಇರುವ ಮನೆಗೆ ಮಾತ್ರ ಈ ವಿದ್ಯೆ. ಮಲೆನಾಡಿನ ಹಳೆ ಮನೆಗಳ ಹೊಗೆ ಹಿಡಿದ ಅಟ್ಟ ಬೆಳಕನ್ನು ನುಂಗಿ ಏನನ್ನೂ ಹಿಂದಕ್ಕೆ ಕೊಡುವುದಿಲ್ಲ. ಅಲ್ಲಿ ಜಗಲಿಗೆ ಬಂದು ಕೂರುವುದೇ ಸರಿ.

ಕುಂದಿಲ್ಲವೆ? ಮೈ ಜಾರು. ಬೆರಳಿಗೆ ಹಿಡಿತವೇ ಇಲ್ಲದಷ್ಟು ನುಣುಪು. ಹಿಡಿಕೆಯ ರಬ್ಬರ್ ಪಟ್ಟಿಯನ್ನು ಬೇರೆಯಾಗಿ ಕೊಂಡು ಅಂಟಿಸಿಕೊಳ್ಳಬೇಕು. ಮೆನು ಚಕ್ರವ್ಯೂಹ. ಬ್ಯಾಟರಿ ಚಿಕ್ಕದು, ಜಾತ್ರೆಯ ದಿನ ಜೇಬಿನಲ್ಲಿ ಇನ್ನೊಂದು ಇರಲೇಬೇಕು. 24 ಮಿ.ಮೀ. ತುದಿಯಲ್ಲಿ ಗಾಜು ನಿಜವಾಗಿ ಕೊಡುವ ಚಿತ್ರ ಪೀಪಾಯಿಯಂತೆ ಉಬ್ಬಿರುತ್ತದೆ, ಒಳಗಿನ ಸಾಫ್ಟ್‌ವೇರ್ ಅದನ್ನು ಹಿಗ್ಗಿಸಿ ಕುಗ್ಗಿಸಿ ನೇರ ಮಾಡುತ್ತದೆ. ಹೀಗಾಗಿ ಶಾಸನವನ್ನು ನಾನು ಆ ತುದಿಯಲ್ಲಿ ತೆಗೆಯುವುದಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು 50ರ ಆಸುಪಾಸಿನಲ್ಲಿ ತೆಗೆದರೆ ಕಲ್ಲಿನ ನಾಲ್ಕು ಅಂಚೂ ನೆಟ್ಟಗೆ. ಮನೆಯಲ್ಲೂ ಇದೇ ನಿಯಮ. ದೊಡ್ಡ ಕುಟುಂಬದ ಗುಂಪುಚಿತ್ರವನ್ನು 24ರಲ್ಲಿ ತೆಗೆದರೆ ತುದಿಗೆ ನಿಂತ ಚಿಕ್ಕಪ್ಪ ಪಾಪ, ಉಂಡದ್ದಕ್ಕಿಂತ ಹೆಚ್ಚು ದಪ್ಪಗಾಗಿರುತ್ತಾನೆ. ಆ ದೋಷ ಲೆನ್ಸಿನದಲ್ಲ, ಅಷ್ಟು ಅಗಲದ ನೋಟವನ್ನು ಚಪ್ಪಟೆ ಕಾಗದದ ಮೇಲೆ ಹರಡುವ ರೇಖಾಗಣಿತದ್ದು.

ಕ್ಯಾನನ್ನಿನ ಪವರ್‌ಶಾಟ್ ಜಿ7 ಎಕ್ಸ್ ಅದೇ 2014ರದು. ಸೆನ್ಸರ್ ಅದೇ ಅಳತೆ, ಜೂಮ್ 24ರಿಂದ 100ರ ತನಕ, ಬಾಯಿ ಎಫ್/1.8ರಿಂದ 2.8. ಕಾಗದದ ಮೇಲೆ ಸೋನಿಯನ್ನು ಮೀರಿಸಿದಂತೆ ಕಾಣುತ್ತದೆ, ವ್ಯೂಫೈಂಡರ್ ಮಾತ್ರ ಇಲ್ಲ. 2016ರ ಎರಡನೆಯ ಆವೃತ್ತಿಯಲ್ಲಿ ಲೆನ್ಸಿನ ಸುತ್ತಲಿನ ಉಂಗುರಕ್ಕೆ ಒಂದು ಚಿಕ್ಕ ಸನ್ನೆ ಇಟ್ಟರು: ಒಂದು ಕಡೆಗೆ ತಳ್ಳಿದರೆ ಉಂಗುರ ಟಕ್ ಟಕ್ ಎಂದು ಹಲ್ಲು ಎಣಿಸುತ್ತ ತಿರುಗುತ್ತದೆ, ಇನ್ನೊಂದು ಕಡೆಗೆ ತಳ್ಳಿದರೆ ಎಣ್ಣೆ ಹಚ್ಚಿದಂತೆ ನಯ. ಅಪರ್ಚರ್ ಬದಲಿಸುವಾಗ ಟಕ್ ಟಕ್ ಬೇಕು, ಕಣ್ಣು ಎಲ್ಲೋ ಇದ್ದರೂ ಬೆರಳು ಎಣಿಸಿಕೊಳ್ಳುತ್ತದೆ. ವಿಡಿಯೋ ತೆಗೆಯುವಾಗ ಆ ಸದ್ದು ಧ್ವನಿಯೊಳಗೆ ಸೇರಬಾರದು. ಇಷ್ಟನ್ನು ಯೋಚಿಸಿ ಸನ್ನೆಯಿಟ್ಟವರ ಕೈಕುಲುಕಬೇಕೆನ್ನಿಸುತ್ತದೆ. ಮೈಬಣ್ಣದ ವಿಷಯದಲ್ಲಿಯೂ ಕ್ಯಾನನ್ನಿಗೆ ಒಂದು ಬಗೆಯ ಬಿಸುಪು. ಬರೀ ಕುಟುಂಬಕ್ಕೆಂದು ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಪ್ಯಾನಸೋನಿಕ್ ಎಲ್‌ಎಕ್ಸ್100ಕ್ಕೆ ಹಳೆಯ ಕಾಲದವರ ಹಾಗೆ ಅಪರ್ಚರಿಗೊಂದು ಉಂಗುರ, ಶಟರಿಗೊಂದು ಚಕ್ರ, ಚಿತ್ರದ ಆಕಾರ ಬದಲಿಸಲು ಲೆನ್ಸಿನ ಮೇಲೇ ಒಂದು ಜಾರುಗುಂಡಿ. ಕ್ಯಾಮರಾ ಆರಿದ್ದಾಗಲೂ ಏನೇನು ಹೊಂದಿಸಿದ್ದೇವೆಂದು ಕಣ್ಣಿಗೆ ಕಾಣುತ್ತದೆ. ಚೆಂದ. ಆದರೆ ಅಂಗಿಯ ಜೇಬಿಗೆ ಇದು ದಪ್ಪ. ಫ್ಯೂಜಿಯ ಎಕ್ಸ್100 ಸಾಲಿನ ಮಾತೂ ಅಷ್ಟೇ. ಅದರ ಬಣ್ಣಗಳಿಗೆ, ಕಣ್ಣಿಡುವ ಕಿಟಕಿಗೆ ಮರುಳಾಗದವರಿಲ್ಲ, ಕೋಟಿನ ಜೇಬು ಇರುವ ದೇಶದವರಿಗೆ ಅದು ಸರಿ. ಗದ್ದೆಯ ಕೆಸರು, ಸಮುದ್ರ, ಆಗುಂಬೆಯ ಮಳೆಯಲ್ಲೇ ಕೆಲಸ ಇರುವವರು ಒಲಿಂಪಸ್ ಶುರುಮಾಡಿದ ಟಫ್ ಟಿಜಿ ಸಾಲನ್ನು ನೋಡಬೇಕು. ಹದಿನೈದು ಮೀಟರ್ ನೀರಿನೊಳಗೂ ನಡೆಯುತ್ತದೆ, ಲೆನ್ಸಿನ ಮುಂದೆ ಒಂದೇ ಸೆಂಟಿಮೀಟರ್ ದೂರದಲ್ಲಿರುವ ಹುಳದ ಮೀಸೆಯನ್ನೂ ಫೋಕಸ್ ಮಾಡುತ್ತದೆ. ಸೆನ್ಸರ್ ಚಿಕ್ಕದು, ಅದರ ಚೌಕಾಸಿಯೇ ಬೇರೆ. ಎಲೆಯ ರೋಗ ನೋಡುವ ಕೃಷಿ ಅಧಿಕಾರಿಗೆ ಅದಕ್ಕಿಂತ ಒಳ್ಳೆಯ ಸಂಗಾತಿ ಇಲ್ಲ.

ಇನ್ನು ರಿಕೋ ಜಿಆರ್. ಇದರ ಬಗ್ಗೆ ಬರೆಯುವಾಗ ನನ್ನ ತಕ್ಕಡಿ ನೆಟ್ಟಗಿರುವುದಿಲ್ಲ. 1996ರ ಫಿಲ್ಮ್ ಕ್ಯಾಮರಾ ಜಿಆರ್1ರಿಂದ ಬಂದ ಸಂತಾನ; 2005ರಲ್ಲಿ ಡಿಜಿಟಲ್ ಆಯಿತು, 2013ರಲ್ಲಿ ದೊಡ್ಡ ಎಸ್‌ಎಲ್‌ಆರ್‌ಗಳಲ್ಲಿರುವ ಎಪಿಎಸ್-ಸಿ ಅಳತೆಯ ಸೆನ್ಸರನ್ನು ಅದೇ ಪುಟ್ಟ ಒಡಲಿನೊಳಗೆ ಕೂರಿಸಿಕೊಂಡಿತು. 2019ರಲ್ಲಿ ಕೈಗೆ ಬಂದ ಮೂರನೆಯ ಜಿಆರ್ ಬ್ಯಾಟರಿ, ಕಾರ್ಡು ಸೇರಿ 257 ಗ್ರಾಂ. ಇಷ್ಟು ದೊಡ್ಡ ಸೆನ್ಸರಿಗೆ ಇಷ್ಟು ಸಣ್ಣ ಮನೆ ಹೇಗೆ ಸಾಧ್ಯವಾಯಿತು? ಜೂಮನ್ನೇ ಕಿತ್ತೆಸೆದರು. 28 ಮಿ.ಮೀ., ಎಫ್/2.8, ಅಷ್ಟೇ. ಬೇಕಾದರೆ ನೀವೇ ನಡೆಯಿರಿ. ಮೂರನೆಯದರಲ್ಲಿ ಫ್ಲ್ಯಾಶನ್ನೂ ತೆಗೆದರು. ಪರದೆ ಮಡಚುವುದಿಲ್ಲ, ವ್ಯೂಫೈಂಡರ್ ಇಲ್ಲ. ನೋಡಲು ಕಪ್ಪು ಇಟ್ಟಿಗೆ, ಮ್ಯಾಗ್ನೀಸಿಯಂ ಮೈ, ಎಲ್ಲೂ ಮೆರುಗಿಲ್ಲ. ಟೋಕಿಯೋದ ಬೀದಿಗಳನ್ನು ತೆಗೆದ ದಾಯ್ದೋ ಮೊರಿಯಾಮಾ ಅವರ ಕೈಯಲ್ಲಿ ವರ್ಷಗಟ್ಟಲೆ ಇದ್ದದ್ದು ಈ ಸಾಲಿನ ಕ್ಯಾಮರಾಗಳೇ.

ಕೈಗೆ ತೆಗೆದುಕೊಂಡ ಮೇಲೆ ಗೊತ್ತಾಗುತ್ತದೆ. ಬಲಗೈ ಒಂದೇ ಸಾಕು. ಹೆಬ್ಬೆರಳು ಚಾಚಿದಲ್ಲೆಲ್ಲ ಬೇಕಾದ ಗುಂಡಿ. ಇದರ ‘ಸ್ನ್ಯಾಪ್ ಫೋಕಸ್’ ಬರೀ ಜಾಣತನವಲ್ಲ, ತತ್ತ್ವ. ದೂರವನ್ನು ಎರಡೂವರೆ ಮೀಟರಿಗೆ, ಅಪರ್ಚರನ್ನು ಎಫ್/8ಕ್ಕೆ ಮೊದಲೇ ಕಟ್ಟಿಟ್ಟರೆ ಸುಮಾರು 1.2 ಮೀಟರಿನಿಂದ ಹಿಡಿದು ದೂರದ ಬೆಟ್ಟದ ತನಕ ಎಲ್ಲವೂ ಸ್ಪಷ್ಟ. ಆಮೇಲೆ ಗುಂಡಿಯನ್ನು ಪೂರ್ತಿ ಒತ್ತಿದರೆ ಕ್ಯಾಮರಾ ಫೋಕಸ್ ಹುಡುಕುತ್ತ ಕೂರುವುದಿಲ್ಲ, ಹಿಡಿದೇಬಿಡುತ್ತದೆ. ತೇರು ತಿರುಗುವ ಕ್ಷಣ, ಮೊಮ್ಮಗ ಕಂಬದ ಹಿಂದಿನಿಂದ ಹಾರಿ ಬರುವ ಕ್ಷಣ ಯಾವುದಕ್ಕೂ ಯಂತ್ರ ಅಡ್ಡಬರುವುದಿಲ್ಲ. ಎಲೆಶಟರಿನ ಸದ್ದೋ, ಪಕ್ಕದಲ್ಲಿ ನಿಂತವರಿಗೂ ಕೇಳಿಸದು. ಪುರೋಹಿತರ ಮಂತ್ರ ತುಂಡಾಗುವುದಿಲ್ಲ. ಅದರ ಫೈಲುಗಳಲ್ಲಿ ಕಲ್ಲಿನ ಕಣಕಣ ಎದ್ದುಬರುತ್ತದೆ. ಬಳಪದ ಕಲ್ಲಿಗೂ ಕಣಶಿಲೆಗೂ ಇರುವ ಮೈಯ ಭೇದ ಪರದೆಯ ಮೇಲೆ ಬೆರಳಾಡಿಸಿದರೆ ತಿಳಿದೀತು ಎನ್ನುವಷ್ಟು.

ಆದರೂ ನಾನು ಅದನ್ನು ಕೊಳ್ಳಲಿಲ್ಲ. ಹೊರಗೆ ಚಾಚಿ ಒಳಗೆ ಸೇದುವ ಲೆನ್ಸ್ ಎಲ್ಲ ಸಣ್ಣ ಕ್ಯಾಮರಾಗಳಲ್ಲೂ ಗಾಳಿಯ ಜೊತೆ ಧೂಳನ್ನೂ ಸೇದುತ್ತದೆ. ದೊಡ್ಡ ಸೆನ್ಸರಿನ ಈ ಸಾಲಿನ ಬಗ್ಗೆ ಆ ದೂರು ಹೆಚ್ಚು ಕೇಳಿಬರುತ್ತದೆ, ನನ್ನ ಕೆಲಸವೋ ಬಯಲುಸೀಮೆಯ ಧೂಳಿನಲ್ಲಿ. ನೆಲಮಟ್ಟದ ಸಾಲಿಗೆ ಮಡಚದ ಪರದೆ ಒದಗುವುದಿಲ್ಲ. ಮುಖಕ್ಕೆ 28 ಮಿ.ಮೀ. ಹತ್ತಿರವಾದರೆ ಮೂಗು ಮುಂದೆ ಬರುತ್ತದೆ, ಅತ್ತೆಯವರಂತೂ “ನನ್ನ ಮೂಗು ಇಷ್ಟುದ್ದ ಇದೆಯೇನಪ್ಪಾ?” ಎಂದು ಕೇಳದೆ ಬಿಡುವವರಲ್ಲ. 2021ರಲ್ಲಿ ಬಂದ ಇದರ 40 ಮಿ.ಮೀ. ತಮ್ಮ ಆ ಮೂಗನ್ನು ಸರಿಮಾಡುತ್ತಾನೆ, ಆದರೆ ನಡುಮನೆಯಲ್ಲಿ ಗೋಡೆಗೆ ಬೆನ್ನು ಹತ್ತಿಸಿ ನಿಂತರೂ ಎಲ್ಲರೂ ಚೌಕಟ್ಟಿಗೆ ಬರುವುದಿಲ್ಲ. ಒಂಟಿಯಾಗಿ ಅಲೆಯುವವನಿಗೆ ಜಿಆರ್. ಸಂಸಾರ, ಶಾಸನ ಎರಡೂ ಇರುವವನಿಗೆ ಜೂಮ್ ಬೇಕು.

ಫೋನ್ ಇರುವಾಗ ಇದೆಲ್ಲ ಏಕೆಂದು ಮಗಳು ಕೇಳುತ್ತಾಳೆ. ಕೇಳುವುದರಲ್ಲಿ ತಪ್ಪಿಲ್ಲ. 2010ರಲ್ಲಿ ಜಗತ್ತಿನಲ್ಲಿ ಹನ್ನೆರಡು ಕೋಟಿಗೂ ಮೀರಿ ಡಿಜಿಟಲ್ ಕ್ಯಾಮರಾಗಳು ಕಾರ್ಖಾನೆಗಳಿಂದ ಹೊರಟಿದ್ದವು, ಬಹುಪಾಲು ಸಣ್ಣವು. ಆ ಮೇಲಿನ ಕುಸಿತಕ್ಕೆ ಫೋನೇ ಕಾರಣ, ಮತ್ತು ಅಗ್ಗದ ಸಣ್ಣ ಕ್ಯಾಮರಾಗಳು ಹೋದದ್ದಕ್ಕೆ ಅಳಬೇಕಾದ್ದೂ ಇಲ್ಲ. ಫೋನು ಕತ್ತಲಲ್ಲಿ ಒಂದರ ಮೇಲೊಂದು ಹಲವು ಚಿತ್ರ ತೆಗೆದು, ಕೂಡಿಸಿ, ತೊಳೆದು ಕೊಡುತ್ತದೆ. ಹುಟ್ಟುಹಬ್ಬಕ್ಕೆ ಅದು ಸಾಕು. ಶಾಸನದ ಮುಂದೆ ನನಗೆ ಆ ತೊಳೆಯುವಿಕೆಯೇ ಅನುಮಾನ. ಸವೆದ ಅಕ್ಷರದ ಗೀರು ಯಾವುದು, ಕಲ್ಲಿನ ಬಿರುಕು ಯಾವುದು, ಸಾಫ್ಟ್‌ವೇರ್ ನಯಗೊಳಿಸಿದ ಅಂಚು ಯಾವುದು ಎಂದು ಹೇಳಲಾಗದಿದ್ದರೆ ಓದು ಕೆಟ್ಟಂತೆ. ಒಂದು ಕೊಂಬು, ಒಂದು ದೀರ್ಘ ಹೆಚ್ಚಾದರೆ ಅರಸನ ಹೆಸರೇ ಬದಲಾಗಬಹುದು. ಕ್ಯಾಮರಾದ ತೊಳೆಯದ ರಾ ಫೈಲು ಒರಟಾಗಿರುತ್ತದೆ, ಕಂಡದ್ದಕ್ಕೆ ಹತ್ತಿರವಾಗಿರುತ್ತದೆ. ಮನೆಯ ಮಟ್ಟಿಗೂ ಒಂದು ಮಾತುಂಟು: ಕ್ಯಾಮರಾ ಹಿಡಿದವನಿಗೆ ನಡುವೆ ಬ್ಯಾಂಕಿನ ಮೆಸೇಜು ಬರುವುದಿಲ್ಲ.

ಈಗಿನ ಹುಡುಗರು ಎರಡು ಸಾವಿರದ ದಶಕದ ಸಿಸಿಡಿ ಸೆನ್ಸರಿನ ಹಳೆಯ ಕ್ಯಾಮರಾಗಳನ್ನು ಹುಡುಕಿ ಕೊಳ್ಳುತ್ತಿದ್ದಾರೆ. ಅವುಗಳ ಬಣ್ಣಕ್ಕೆ ಏನೋ ಮಾಯೆ ಇದೆಯಂತೆ. ಮಾಯೆ ಹೆಚ್ಚುಪಾಲು ಆ ಕಾಲದ ಬಣ್ಣದ ಹೊಂದಿಕೆಯದು, ನೇರ ಹೊಡೆಯುವ ಫ್ಲ್ಯಾಶಿನದು ಎಂಬುದು ನನ್ನ ಅನಿಸಿಕೆ. ಆದರೂ ಬೀರುವಿನಲ್ಲಿ ಮಲಗಿದ್ದ ಯಂತ್ರಗಳು ಎದ್ದು ಬಂದವಲ್ಲ, ಆಗಲಿ.

ಹಳೆಯದನ್ನೇ ಕೊಳ್ಳುವುದಾದರೆ (ನಾನು ಹೇಳಿದ ಮೂರನೆಯ ಆರ್‌ಎಕ್ಸ್100 ಈಗ ಕೈಬದಲಾಗಿ ಸಿಗುವುದೇ ಹೆಚ್ಚು) ಮೊದಲು ಲೆನ್ಸಿಗೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಎಷ್ಟೇ ಅಗ್ಗವಾದರೂ ಬೇಡ. ಕರಾವಳಿ, ಮಲೆನಾಡಿನಿಂದ ಬಂದ ಕ್ಯಾಮರಾಗಳಲ್ಲಿ ಇದನ್ನು ಎರಡು ಸಲ ನೋಡಬೇಕು. ಬಿಳಿಗೋಡೆಯನ್ನು ಎಫ್/11ರಲ್ಲಿ ತೆಗೆದು ನೋಡಿದರೆ ಸೆನ್ಸರಿನ ಮೇಲಿನ ಧೂಳು ಕಪ್ಪುಚುಕ್ಕೆಗಳಾಗಿ ಬಯಲಾಗುತ್ತದೆ. ಇಟ್ಟಿಗೆ ಗೋಡೆಯೊಂದನ್ನು ನೇರ ಎದುರಿನಿಂದ ತೆಗೆದು ನಾಲ್ಕು ಮೂಲೆ ಹೋಲಿಸಿ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಎಂದೋ ಬಿದ್ದು ಗಾಜು ಓರೆಯಾಗಿರಬಹುದು. ಜೂಮನ್ನು ಹತ್ತಾರು ಸಲ ಒಳಗೆ ಹೊರಗೆ ಮಾಡಿ, ಆ ಸದ್ದು ಪ್ರತಿ ಸಲವೂ ಒಂದೇ ತೆರನಾಗಿ ಕೇಳಬೇಕು. ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಯವರು ಇದನ್ನೆಲ್ಲ ನೋಡುತ್ತ, “ಏನ್ ಸಾರ್, ಹೆಣ್ಣು ನೋಡೋಕೆ ಬಂದೋರ ಥರ” ಎಂದರೆ ನಕ್ಕುಬಿಡಿ, ಪರೀಕ್ಷೆ ಮಾತ್ರ ಬಿಡಬೇಡಿ. ಮಳೆಗಾಲದಲ್ಲಿ ಕ್ಯಾಮರಾವನ್ನು ಚರ್ಮದ ಚೀಲದಲ್ಲಿಟ್ಟು ಬೀರುವಿಗೆ ಸೇರಿಸುವುದು ಬೂಷ್ಟಿಗೆ ಆಹ್ವಾನ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ವಾರಕ್ಕೊಮ್ಮೆ ಹೊರತೆಗೆದು ನಾಲ್ಕು ಫೋಟೋ.

ನನ್ನ ಆರ್‌ಎಕ್ಸ್100ರ ಮೇಲಿನ ಚಕ್ರದಲ್ಲಿ ‘ಎಂಆರ್’ ಎಂಬ ಒಂದು ಮನೆಯಿದೆ. ಮೂರು ಬಗೆಯ ಹೊಂದಿಕೆಗಳನ್ನು ಅದು ನೆನಪಿಟ್ಟುಕೊಳ್ಳುತ್ತದೆ, ಜೂಮ್ ಎಲ್ಲಿತ್ತೆಂಬುದನ್ನೂ ಬಿಡದೆ. ಸಂಖ್ಯೆ ಆರಿಸಿದೊಡನೆ ಲೆನ್ಸ್ ತಾನಾಗಿ ಅಲ್ಲಿಗೆ ಹೋಗಿ ನಿಲ್ಲುತ್ತದೆ. ಒಂದು ಎಂದರೆ ಕಲ್ಲು: 50 ಮಿ.ಮೀ., ಎಫ್/5.6, ರಾ ಫೈಲು, ಪರದೆಯ ಮೇಲೆ ಮಟ್ಟ ತೋರಿಸುವ ಗೆರೆ. ಎರಡು ಎಂದರೆ ಮನೆ: ಬಾಯಿ ಪೂರ್ತಿ ತೆರೆದು, ಡೇಲೈಟ್ ಬಣ್ಣ, ಐಎಸ್‌ಒ 3200ರವರೆಗೆ ತನ್ನಿಷ್ಟ. ಕ್ಯಾಮರಾ ಹೆಂಡತಿಯ ಕೈಗೆ ಹೋಗುವಾಗ ನಾನು ಎರಡಕ್ಕೆ ತಿರುಗಿಸಿ ಕೊಡುತ್ತೇನೆ, ಅವಳು ಅದನ್ನು ಹಿಂದಕ್ಕೆ ಕೊಡುವಾಗ ಒಂದಕ್ಕೆ ತಿರುಗಿಸಿರುತ್ತಾಳೆ. ಮೂರನೆಯ ಸಂಖ್ಯೆಯಲ್ಲಿ ಕೆಲಸವೂ ಇಲ್ಲ, ಸಂಸಾರವೂ ಇಲ್ಲ. 28 ಮಿ.ಮೀ., ಕಪ್ಪು ಬಿಳುಪು. ಅದು ಯಾವ ಕ್ಯಾಮರಾದ ನಕಲೆಂದು ರಿಕೋ ಇಟ್ಟುಕೊಂಡಿರುವ ಗೆಳೆಯನೊಬ್ಬ ನೋಡಿದ ಕೂಡಲೇ ಹೇಳಿದ, ಮತ್ತು ನಕಲು ಅಷ್ಟೇನೂ ಚೆನ್ನಾಗಿಲ್ಲ ಎಂದೂ ಹೇಳಿದ.